ಒಟ್ಟು ಎಷ್ಟಾಗುತ್ತೆ?

ಪಾರ್ಶ್ವವಾಯು ಬಡಿದ ಮೇಲೆ ಅಕ್ಕನ ಮಾತು ನಿಂತುಹೋಯಿತು. ಬಟ್ಟೆ ಹೊಲಿಯುತ್ತ ಗಿರಾಕಿಗಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವಳು. ಅವಳಿಗಿದ್ದ ದಿಕ್ಕೆಂದರೆ ಬಡಗಿ ಕೆಲಸದ ತಮ್ಮನೊಬ್ಬನೇ. ಮಾತಿನ ಚಿಕಿತ್ಸೆಗೆಂದು ಅವನು ಅವಳನ್ನು ಕರೆದೊಯ್ದ ಕೇಂದ್ರದಲ್ಲಿ ನೆಲ ಮುಖ ಕಾಣುವಂತೆ ಹೊಳೆಯುತ್ತಿತ್ತು. ಕಾದು ಕೂತವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

“ಒಟ್ಟು ಎಷ್ಟಾಗುತ್ತೆ ಅಂತ ಮೊದ್ಲೇ ಹೇಳ್ಬಿಡಿ ಮೇಡಂ,” ಎಂದ ತಮ್ಮ.

ಕೌಂಟರಿನವಳು ನಕ್ಕಳು. “ಮೊದ್ಲು ಹುಷಾರಾಗ್ಲಿ ಸರ್.”

“ಒಂದು ಬಾಗಿಲು ಮಾಡೋಕೂ ನಾನು ಮುಂಚೆನೇ ಲೆಕ್ಕ ಹೇಳ್ತೀನಿ.”

“ಬಾಗಿಲಲ್ಲ ಸರ್, ನಿಮ್ಮಕ್ಕ.”

ಅವನಿಗೆ ನಾಚಿಕೆಯಾಯಿತು. ಅವಳು ತೋರಿಸಿದಲ್ಲಿ ಸಹಿ ಹಾಕಿದ.

ಚಿಕಿತ್ಸೆ ಫಲ ಕೊಟ್ಟಿತು. ಅಕ್ಕ ‘ನೀರು’ ಎಂದಳು, ‘ದಾರ’ ಎಂದಳು. ಒಂದು ಸಂಜೆ ‘ತಮ್ಮ’ ಎಂದಾಗ ಅವನು ಉಳಿ ಕೆಳಗಿಟ್ಟು ಅತ್ತುಬಿಟ್ಟ. ಖರ್ಚಿನ ಮಾತೆತ್ತಿದರೆ ಮಾತ್ರ ಪ್ರತಿ ಸಲವೂ ಅದೇ ನಗು.

“ನಾನೂ ಕೇಳ್ತಿದ್ದೆ,” ಎಂದರು ಒಂದು ದಿನ ಕೇಂದ್ರದಲ್ಲಿ ಪಕ್ಕಕ್ಕೆ ಕಾದು ಕೂತಿದ್ದ ಮುದುಕರು, ಗೋಡೆಯನ್ನೇ ನೋಡುತ್ತ. “ಈಗ ಕೇಳೋಕೇ ಭಯ.”

ಅಂದು ಊಟಕ್ಕೆ ಕೂತಾಗ ಅಕ್ಕ ತುತ್ತು ಕೈಯಲ್ಲೇ ಹಿಡಿದು ತೊದಲಿದಳು. “ಮನೆ... ಯಾರ ಹೆಸ್ರಲ್ಲಿದೆ... ಕೇಳಿದ್ರು.”

“ಯಾರಕ್ಕಾ?”

“ಮಾತು ಕಲ್ಸೋರು. ಚಿನ್ನ ಇದ್ಯಾ... ತಮ್ಮಂಗೆ ಸಂಪಾದ್ನೆ ಎಷ್ಟು... ಹೇಳಿ, ಹೇಳಿ... ಅಂದ್ರು.”

ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದ. ಮಾತು ಕಲಿಸುವ ನೆಪದಲ್ಲಿ ಅವರು ಮನೆಯ ಪಾಯವನ್ನೇ ಅಳೆಯುತ್ತಿದ್ದರು.

ಮರುದಿನ ಅಕ್ಕನನ್ನು ಕರೆದುಕೊಂಡು ಹೋಗಿ ಕೌಂಟರಿನ ಮುಂದೆ ನಿಂತ. “ಅಂದಾಜು ಬರ್ದು ಕೊಡಿ. ಅದು ರೋಗಿ ಹಕ್ಕು. ವಿಚಾರಿಸ್ಕೊಂಡೇ ಬಂದಿದೀನಿ.”

ಕೌಂಟರಿನವಳ ನಗು ಆರಿತು. “ಮಧ್ಯದಲ್ಲಿ ಬಿಟ್ರೆ ಬಂದಿರೋ ಮಾತೂ ಹೋಗುತ್ತೆ. ಆಮೇಲೆ ನಮ್ಮನ್ನ ದೂರ್ಬೇಡಿ.”

ಅವನ ಧೈರ್ಯ ಅಲ್ಲೇ ಕುಸಿಯಿತು. ಅಕ್ಕ ಅವನ ರಟ್ಟೆ ಹಿಡಿದು ಬಾಗಿಲ ಕಡೆ ಎಳೆದಳು. “ನಡಿ.”

ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ‘ದಾರ’ ನಿಜವಾಗಿಯೂ ಹೋಯಿತು. ಅಕ್ಕ ಸೂಜಿ ತೋರಿಸಿ, ಬಾಯಿ ತೆರೆದು, ಸುಮ್ಮನಾಗುತ್ತಿದ್ದಳು. ಕೇಂದ್ರದಿಂದ ಎದೆ ಒಡೆಯುವಂಥ ಬಿಲ್ಲು ಬಂತು. ತಮ್ಮ ಆರೋಗ್ಯ ಇಲಾಖೆಗೆ ದೂರು ಕೊಟ್ಟ. ಮೊದಲೇ ಅಂದಾಜು ಕೊಡದೆ ವಸೂಲಿ ಮಾಡುವಂತಿಲ್ಲ, ತೀರ್ಪು ಬರುವವರೆಗೆ ಒಂದು ಕಾಸೂ ಕೊಡಬೇಡಿ ಎಂದರು ಅಧಿಕಾರಿ. ಅವನು ಸ್ವಲ್ಪ ಉಸಿರಾಡಿದ.

ಒಂದು ಮಧ್ಯಾಹ್ನ ಹೊಳೆಯುವ ಬೂಟಿನವನೊಬ್ಬ ಕೇಂದ್ರದ ಹೆಸರಿದ್ದ ಫೈಲು ಹಿಡಿದು ಗೇಟಿನಾಚೆ ನಿಂತು ಸೂರಿನಿಂದ ಹೊಸಿಲವರೆಗೆ ಮನೆಯನ್ನು ನಿಧಾನವಾಗಿ ನೋಡುತ್ತಿದ್ದ.

“ಯಾರು ಬೇಕಿತ್ತು?” ಎಂದ ತಮ್ಮ.

“ಯಾರೂ ಬೇಡ,” ಎಂದ ಅವನು ನಗುತ್ತ. “ಅಕ್ಕ ಹೇಗಿದಾರೆ? ಮಾತಾಡ್ತಾರಾ?”