ದೊಡ್ಡಮ್ಮನ ಕಾಲಿನ ಅಚ್ಚು

ಮೆಟ್ಟಿಲ ಮೇಲೆ ಒಂದು ಹೆಜ್ಜೆ ಗಟ್ಟಿಯಾಗಿ ಬಿತ್ತು, ಇನ್ನೊಂದು ಎಳೆದುಕೊಂಡು ಬಂತು. ಅಚ್ಚಿನವಳು ತಲೆಯೆತ್ತಿದಳು. ದೊಡ್ಡಮ್ಮ ಬರಬೇಕಾಗಿದ್ದದ್ದು ನಾಳೆ. ಮೇಜಿನ ಮೇಲೆ ಒಣಗಲು ಇಟ್ಟಿದ್ದ ರಬ್ಬರ್ ಪಾದದ ಮೇಲೆ ಕೈಗೆ ಸಿಕ್ಕಿದ ಟವೆಲನ್ನು ಎಳೆದು, ಬಾಗಿಲ ಕಡೆ ತಿರುಗಿ ನಕ್ಕಳು.

"ಏನೇ, ಕದ್ದು ತಿಂದು ಬಾಯಿ ಒರೆಸಿಕೊಂಡವಳ ಹಾಗೆ ನಿಂತಿದ್ದೀಯ?"

"ನಾಳೆ ಬರ್ತೀನಿ ಅಂದಿದ್ದೆ ನೀನು."

"ಹಳೇ ಜೋಡು ಕಿತ್ತುಹೋಯ್ತು. ನಾಳೆವರೆಗೆ ತಡ್ಕೋ ಅಂದ್ರೆ ಕಾಲು ಕೇಳುತ್ತಾ?" ಎನ್ನುತ್ತ ದೊಡ್ಡಮ್ಮ ಮೇಜಿನ ಪಕ್ಕದ ಕುರ್ಚಿಯಲ್ಲೇ ಕೂತಳು.

ಸಿನಿಮಾದವರಿಗೆ ಮುಖವಾಡ, ಕತ್ತರಿಸಿದ ಕೈ, ಮುರಿದ ಮೂಗು ಮಾಡಿಕೊಡುವುದು ಅಚ್ಚಿನವಳ ಕಸುಬು. ಅದರ ನಡುವೆ ವರ್ಷಕ್ಕೊಮ್ಮೆ ದೊಡ್ಡಮ್ಮನ ಎಡಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಆ ಅಳತೆಗೆ ಮೆತ್ತನೆಯ ಜೋಡು ಹೊಲಿಸಿಕೊಡುತ್ತಿದ್ದಳು. ಆ ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು. ಬೆರಳುಗಳು ಮುಂದಿನ ದಾರಿ ಬಿಟ್ಟು ಹಿಂದಿನದನ್ನೇ ನೋಡುತ್ತಿದ್ದವು. ಊರಲ್ಲಿ ಕರು ಸತ್ತರೂ ಕೂಸಿಗೆ ಜ್ವರ ಬಂದರೂ ಜನ ಅಂಗಳದಲ್ಲಿ ಆ ಹೆಜ್ಜೆ ಹುಡುಕುತ್ತಿದ್ದರು. ಒಂದು ದಿನ ಕಲ್ಲು ಬಿತ್ತು. ಹಿಮ್ಮಡಿಯ ಮೇಲೆ ಉಗುರಿನಾಕಾರದ ಕಲೆ ಉಳಿಯಿತು. ತೀರಿಹೋದ ತಂಗಿಯ ಮಗುವಾಗಿದ್ದ ಅಚ್ಚಿನವಳನ್ನು ಎತ್ತಿಕೊಂಡು ದೊಡ್ಡಮ್ಮ ಈ ಪಟ್ಟಣಕ್ಕೆ ಬಂದದ್ದು ಆಮೇಲೆಯೇ. ಜೋಡಿನೊಳಗಿರುವುದನ್ನು ಇಲ್ಲಿ ಯಾರೂ ಕೇಳಲಿಲ್ಲ. "ದೇವರಿಗೆ ಮತ್ತೆ ನಿನಗೆ ಬಿಟ್ರೆ ಯಾರಿಗೂ ತೋರಿಸಿಲ್ಲ ಕಣೇ" ಎಂದು ಪ್ರತಿ ಸಲ ಪಟ್ಟಿ ಸುತ್ತುವಾಗಲೂ ಹೇಳುತ್ತಿದ್ದಳು.

ದೆವ್ವದ ಸಿನಿಮಾ ಮಾಡುತ್ತಿದ್ದ ನಿರ್ದೇಶಕನೊಬ್ಬ ಮಾಟಗಾತಿಯ ಪಾದ ಕೇಳಿದ್ದ. ಅಚ್ಚಿನವಳು ಮಣ್ಣಿನಲ್ಲಿ ತಿದ್ದಿ ಮಾಡಿಕೊಟ್ಟಿದ್ದನ್ನು "ಇದು ಕಾಲುನೋವಿನ ಅತ್ತೆ, ಮಾಟಗಾತಿ ಅಲ್ಲ" ಎಂದು ವಾಪಸು ಕಳಿಸಿದ. ಮತ್ತೆ ಮಾಡಿದ್ದೂ ವಾಪಸು ಬಂತು. ಗಡುವು ಕುತ್ತಿಗೆಗೆ ಬಂದಾಗ ಅವಳ ಕಣ್ಣು ಹಲಗೆಯಲ್ಲಿದ್ದ ದೊಡ್ಡಮ್ಮನ ಕಾಲಿನ ಅಚ್ಚಿನ ಮೇಲೆ ಬಿತ್ತು. ಅದಕ್ಕೇ ರಬ್ಬರ್ ಹೊಯ್ದಳು. ಫೋಟೋ ನೋಡಿದ ನಿರ್ದೇಶಕ ಮೈ ಜುಮ್ಮೆಂದಿತು ಎಂದ.

ಈಗ ಅವನೇ ಮೆಟ್ಟಿಲು ಹತ್ತಿ ಬಂದ.

"ಎಲ್ಲಿ ಅಕ್ಕಾ ನಮ್ಮ ರಾಣಿ ಪಾದ?" ಎಂದವನು ಮುದುಕಿಯನ್ನು ಕಂಡು ಕೈ ಮುಗಿದ. "ಓ, ಅಜ್ಜಿ! ದೆವ್ವದ ಸಿನಿಮಾ ನೋಡ್ತೀರಾ?"

"ಏನಿರುತ್ತಪ್ಪ ಅದರಲ್ಲಿ?"

ಅವನಿಗೆ ಅಷ್ಟೇ ಸಾಕಿತ್ತು. ಒಂದು ಸಿನಿಮಾದಲ್ಲಿ ಮಾಟಗಾತಿ ಸೂರಿನ ಮೇಲೆ ಹರಿದಾಡುತ್ತಾಳೆ, ಇನ್ನೊಂದರಲ್ಲಿ ಬರೀ ಕೂದಲು, ಮತ್ತೊಂದರಲ್ಲಿ ಕೊನೆಯವರೆಗೂ ಮುಖವೇ ಇಲ್ಲ. "ಎಲ್ಲರೂ ಹಳೇ ಕತೆಯಿಂದಲೇ ಕದ್ದದ್ದು. ನಾನು ಪಾದ ಕದ್ದೆ. ತಿರುಗಿದ ಹೆಜ್ಜೆ ಹಿಡಿದು ಊರವರು ಅವಳ ಮನೆಗೆ ನುಗ್ಗಿ ಬೆಂಕಿ ಇಡ್ತಾರೆ."

"ಹೆಜ್ಜೆ ಹಿಂದುಮುಂದಾದ್ರೆ ಬೆನ್ನಟ್ಟಿದವರಿಗೆ ಸಿಗೋದು ಹೇಗಪ್ಪಾ?"

ನಿರ್ದೇಶಕ ಪಕಪಕ ನಕ್ಕ. "ಒಳ್ಳೇ ಪ್ರಶ್ನೆ ಕೇಳಿದ್ರಿ!"

"ನಮ್ಮಜ್ಜಿ ಹೇಳ್ತಿದ್ದ ಕತೆ ಬೇರೆ," ದೊಡ್ಡಮ್ಮನ ದನಿ ದೇವರ ಮುಂದೆ ಕೂತಾಗಿನಂತೆ ತಗ್ಗಿತು. "ಒಬ್ಬಳಿದ್ದಳಂತೆ. ಊರಿಗೆ ಊರೇ ಅಟ್ಟಿಸಿಕೊಂಡು ಬಂತು. ಓಡಿ ಓಡಿ ಹೊಳೆದಂಡೆ ಮರಳಿಗೆ ಬಂದಳು. 'ಸ್ವಾಮೀ, ನನ್ನ ಹೆಜ್ಜೆಯೇ ನನ್ನನ್ನ ಹಿಡಿದುಕೊಡ್ತಿದೆ' ಅಂದಳು. ದೇವರು ಬಗ್ಗಿ, ಅವಳ ಪಾದ ಹಿಡಿದು ಮೆಲ್ಲಗೆ ತಿರುಗಿಸಿದ. ಬಂದವರು ಹೆಜ್ಜೆ ನೋಡ್ಕೊಂಡು ಬಂದ ದಾರಿಗೇ ವಾಪಸು ಹೋದರು."

ಅಚ್ಚಿನವಳು ಟವೆಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

"ಚೆನ್ನಾಗಿದೆ ಅಜ್ಜಿ. ಆದ್ರೆ ಹಾಗೆ ತೋರಿಸಿದ್ರೆ ಜನ ಹೆದರಲ್ಲ, ಅಳ್ತಾರೆ. ನನಗೆ ಬೇಕಾದ್ದು ಹೆದರಿಕೆ." ಅವನು ಮೇಜಿನತ್ತ ಬಂದ. "ಇದೇ ತಾನೆ?"

"ಇನ್ನೂ ಹಸಿ ಇದೆ..."

ಟವೆಲು ಅವಳ ಬೆರಳುಗಳಿಂದ ಜಾರಿತು. ಬೂದುಬಣ್ಣದ ಪಾದ ಬೆಳಕಿಗೆ ಬಂತು. ಸೊಟ್ಟ ಬೆರಳು, ಒಡೆದ ಅಂಗಾಲು, ಹಿಮ್ಮಡಿಯ ಮೇಲೆ ಉಗುರಿನಾಕಾರದ ಕಲೆ.

ದೊಡ್ಡಮ್ಮ ಎಡಗಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

"ಹೆದರಿದ್ರಾ ಅಜ್ಜಿ?"

"ಚೆನ್ನಾಗಿ ಮಾಡಿದ್ದಾಳೆ," ಎಂದಳು ದೊಡ್ಡಮ್ಮ. "ಗಾಯದ ಗುರುತೂ ಬಿಟ್ಟಿಲ್ಲ."

ಅವಳು ಎದ್ದಳು. ಕಿತ್ತ ಜೋಡು ಕಾಲಿನಿಂದ ಕಳಚಿತು. ಅದನ್ನು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲೇ ಬಾಗಿಲ ಕಡೆ ನಡೆದಳು. ನಿರ್ದೇಶಕ ಆ ಕಾಲನ್ನು ನೋಡಲಿಲ್ಲ. ರಬ್ಬರ್ ಪಾದವನ್ನು ದೀಪಕ್ಕೆ ಹಿಡಿದು, ಈ ಕಲೆ ಪರದೆ ತುಂಬ ಬರಬೇಕು ಎನ್ನುತ್ತಿದ್ದ.

"ಇಲ್ಲಿ ಕೊಡಿ," ಎಂದಳು ಅಚ್ಚಿನವಳು. "ಅದನ್ನ ಕೊಡೋಕಾಗಲ್ಲ."

"ತಮಾಷೆ ಸಾಕು ಅಕ್ಕಾ. ನಾಳೆ ಮಧ್ಯಾಹ್ನ ಶೂಟಿಂಗ್."

"ನಾಳೆ ಬೇರೆ ಕಾಲಿನ ಅಚ್ಚು ತೆಗೆದು ಕೊಡ್ತೀನಿ."

"ಬೇರೆ ಯಾರ ಕಾಲು?"

"ನನ್ನದು."

"ನಿಮ್ಮ ಕಾಲಿಗೆ ಯಾರು ಹೆದರ್ತಾರೆ? ನೋಡಿ, ಇವತ್ತು ಇದನ್ನ ಕೊಡದಿದ್ರೆ ಮುಂದಿನ ಕೆಲಸ ಬೇರೆಯವರಿಗೆ ಹೋಗುತ್ತೆ. ಬೇಜಾರು ಮಾಡ್ಕೋಬಾರದು."

ಅವಳು ಅವನ ಕೈಯಿಂದ ಪಾದವನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಚಾಕು ಹಿಮ್ಮಡಿಯಿಂದ ಬೆರಳವರೆಗೆ ಇಳಿಯಿತು. ಹಸಿ ರಬ್ಬರ್ ಸದ್ದಿಲ್ಲದೆ ಎರಡಾಯಿತು. ನಿರ್ದೇಶಕ ಹಿಂದೆ ಸರಿದ. "ನಾಳೆ ಬೆಳಗ್ಗೆ ಬರ್ತೀನಿ, ನೋಡೋಣ" ಎಂದಷ್ಟೇ ಹೇಳಿ ಧಡಧಡ ಮೆಟ್ಟಿಲಿಳಿದ.

ದೊಡ್ಡಮ್ಮ ಹೊಸ್ತಿಲಲ್ಲಿ ಬೆನ್ನು ಹಾಕಿ ನಿಂತೇ ಇದ್ದಳು. ಅಚ್ಚಿನವಳು ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರ್ ಪಟ್ಟಿಯನ್ನು ನೀರಿಗೆ ಅದ್ದಿ, ತನ್ನ ಎಡಗಾಲಿಗೆ ಸುತ್ತತೊಡಗಿದಳು. ಪಾದವನ್ನು ಒಳಕ್ಕೆ ತಿರುಗಿಸಿ ಹಿಡಿದರೆ ಸುತ್ತಲು ಕೈ ಸಾಲದು. ಸುತ್ತಲು ಹೋದರೆ ಪಾದ ನೆಟ್ಟಗಾಗಿಬಿಡುತ್ತದೆ. ಪಟ್ಟಿ ಸಡಿಲಾಗಿ ನೆಲಕ್ಕೆ ಬಿತ್ತು. ಮತ್ತೆ ಅದ್ದಿದಳು.

ಒಂದು ಹೆಜ್ಜೆ ಗಟ್ಟಿಯಾಗಿ ಬಿತ್ತು, ಇನ್ನೊಂದು ಎಳೆದುಕೊಂಡು ಬಂತು.

ದೊಡ್ಡಮ್ಮ ಪ್ಲಾಸ್ಟರ್ ಧೂಳಿನ ನೆಲದ ಮೇಲೆಯೇ ಕೂತಳು. ಒಂದು ಕೈಯಲ್ಲಿ ಅಚ್ಚಿನವಳ ಹಿಮ್ಮಡಿ, ಇನ್ನೊಂದರಲ್ಲಿ ಬೆರಳುಗಳನ್ನು ಹಿಡಿದು ಮೆಲ್ಲಗೆ ತಿರುಗಿಸಿದಳು.

"ನೋವಾದ್ರೆ ಹೇಳು."

"ನೋವಿಲ್ಲ ದೊಡ್ಡಮ್ಮ."

"ಸುಳ್ಳು ಬೇಡ. ಅಲುಗಾಡ್ಬೇಡ."

ಪಟ್ಟಿ ಗಟ್ಟಿಯಾಗುತ್ತ ಬೆಚ್ಚಗಾಗತೊಡಗಿತು. ದೊಡ್ಡಮ್ಮ ಕೈ ತೆಗೆಯಲಿಲ್ಲ.