ಅಣ್ಣನ ಪಾಲಿಗೆ ಬಂದದ್ದು

ಮೂವರು ಒಡಹುಟ್ಟಿದವರಲ್ಲಿ ಹಿರಿಯಳಾದ ಅಕ್ಕ ಬಟ್ಟೆ ಹೊಲಿಯುವವಳು. ಎದೆಯ ಕ್ಯಾನ್ಸರಿನ ಚಿಕಿತ್ಸೆ ಮುಗಿದು ತಲೆಯ ಮೇಲೆ ಎರಡು ಬೆರಳುದ್ದ ಕೂದಲು ಬೆಳೆದಿತ್ತು. ಆಗ ಡಾಕ್ಟರು ಇನ್ನೊಂದು ಮಾತು ಹೇಳಿದರು: ಇದು ತೀರಿಹೋದ ಅಮ್ಮನಿಂದ ಇಳಿದು ಬಂದ ಜೀನ್ ದೋಷ, ಒಡಹುಟ್ಟಿದವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣ ಆರು ತಿಂಗಳು ಕೈಗೇ ಸಿಗಲಿಲ್ಲ.

"ಹೆಂಗಸರ ಕಾಯಿಲೆಗೆ ನನ್ನನ್ಯಾಕೆ ಎಳೀತೀರೇ?"

"ಗಂಡಸರಿಗೂ ಬರುತ್ತಂತೆ ಕಣೋ, ಮಕ್ಕಳಿಗೂ ದಾಟುತ್ತಂತೆ," ಎಂದಳು ಅಕ್ಕ.

"ನೀನು ಬರೋವರೆಗೂ ನಾನೂ ರಕ್ತ ಕೊಡಲ್ಲ," ಎಂದು ಅಂಚೆ ಹಂಚುವ ತಂಗಿ ಹಟ ಹಿಡಿದಳು. ಅಣ್ಣ ಸೋತ.

ಫಲಿತಾಂಶದ ದಿನ ಮೂವರೂ ಬೇಗ ಬಂದುಬಿಟ್ಟರು. ಆಸ್ಪತ್ರೆಯ ಮೂಲೆಯಲ್ಲೊಂದು ಮೌನದ ಕೋಣೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ನರ್ಸನ್ನು ಎಲ್ಲರೂ ಮೌನಮ್ಮ ಎನ್ನುತ್ತಿದ್ದರು.

"ಯಾವ ದೇವರನ್ನ ಬೇಕಾದ್ರೂ ಕರೀರಿ. ಯಾರನ್ನೂ ಕರೀದೆ ಸುಮ್ನೆ ಕೂತ್ರೂ ಸರಿ," ಎಂದು ಆಕೆ ಕಣ್ಣು ಮುಚ್ಚಿದರು.

ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಅಣ್ಣನ ಖಾಲಿ ಹೊಟ್ಟೆ ಗುರ್ರೆಂದಿತು.

"ಇಂಜಿನ್ ಸ್ಟಾರ್ಟ್ ಆಯ್ತು," ಎಂದು ಅಕ್ಕ ಕಣ್ಣು ಬಿಡದೆಯೇ ಪಿಸುಗುಟ್ಟಿದಳು.

ತಂಗಿ ಕಿಸಕ್ಕೆಂದಳು. ಅಣ್ಣ ಗದರಲು ಹೋಗಿ ತಾನೇ ನಕ್ಕುಬಿಟ್ಟ. ನೋಡಿದರೆ ಮೌನಮ್ಮನ ಹೆಗಲುಗಳೂ ಕುಣಿಯುತ್ತಿದ್ದವು. "ಎದ್ದು ಹೋಗ್ರೋ, ನನ್ನ ಹೆಸರು ಕೆಡಿಸ್ಬೇಡಿ!" ಎಂದು ಅವರು ಕಣ್ಣೊರೆಸಿಕೊಂಡರು.

ಇನ್ನೂ ನಗು ಹತ್ತಿಕ್ಕುತ್ತಲೇ ಮೂವರೂ ಜೀನ್ ಪರೀಕ್ಷೆಯ ಸಲಹೆಗಾರ್ತಿಯ ಮುಂದೆ ಕೂತರು. ಆಕೆ ಕಾಗದ ಬಿಚ್ಚಿದಳು. ತಂಗಿಗೆ ದೋಷವಿರಲಿಲ್ಲ. ಅಣ್ಣನಿಗೆ ಇತ್ತು.

ತಂಗಿ ಗಳಗಳ ಅತ್ತಳು. "ನಿಮ್ಮಿಬ್ಬರನ್ನೂ ಬಿಟ್ಟು ನಾನೊಬ್ಳೇ ಪಾರಾದ್ನಲ್ಲ!"

ಅಣ್ಣನ ಮುಖ ಬಿಳಿಚಿಕೊಂಡಿತ್ತು. ಆದರೆ ತಂಗಿ ಅಳುವುದನ್ನು ನೋಡಲು ಅವನಿಂದಾಗಲಿಲ್ಲ. "ಏನೇ ಇದು! ಚಿಕ್ಕೋಳಿದ್ದಾಗಿಂದ ನನ್ನ ತಟ್ಟೆ ಮೇಲೇ ನಿನ್ನ ಕಣ್ಣು. ಇದ್ರಲ್ಲೂ ಪಾಲು ಬೇಕಾ?"

ತಂಗಿಗೆ ಅಳು, ನಗು, ಬಿಕ್ಕಳಿಕೆ ಒಟ್ಟಿಗೇ ನುಗ್ಗಿ ಬಂದವು. ಸಲಹೆಗಾರ್ತಿ ತುಟಿ ಕಚ್ಚಿಕೊಂಡು ನೀರು ಕೊಟ್ಟಳು. ಆಮೇಲೆ ಬಿಡಿಸಿ ಹೇಳಿದಳು: ಇದು ಕಾಯಿಲೆಯಲ್ಲ, ಬರಬಹುದೆಂಬ ಸೂಚನೆ ಅಷ್ಟೇ, ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸಬಾರದು. ಅಣ್ಣನ ಮಗಳಿಗೂ ದಾಟಿರಬಹುದು, ಹದಿನೆಂಟು ದಾಟಿದವಳು, ಪರೀಕ್ಷೆ ಅವಳಿಷ್ಟ.

ಮಗಳ ಮಾತು ಬಂದದ್ದೇ ಅಣ್ಣ ಕುಸಿದ. ಹೊರಗೆ ಸಿಕ್ಕ ಮೌನಮ್ಮನನ್ನು, "ಅವಳಿಗೆ ಹೇಗಮ್ಮ ಹೇಳ್ಲಿ?" ಎಂದು ಕೇಳಿದ.

"ಶನಿವಾರ ಮೌನದ ಕೋಣೆಗೆ ಕರ್ಕೊಂಡು ಬಾ. ನಿಮ್ಮಂಥ ಮನೆಯವರೇ ಸೇರ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ."

ಶನಿವಾರ ಅಣ್ಣ ಮೂರು ಸಲ ಗಂಟಲು ಸರಿಮಾಡಿಕೊಂಡ. "ನೋಡು ಮಗಳೇ, ಗಾಡಿ ತಯಾರಾಗುವಾಗ್ಲೇ ಒಂದು ಬೋಲ್ಟು ಸಡಿಲ ಇದ್ರೆ..."

"ಆ ಬೋಲ್ಟು ನನ್ನಲ್ಲೂ ಇರಬಹುದು ಅಂತ ತಾನೇ, ಅಪ್ಪಾ? ಅತ್ತೆ ಆಗ್ಲೇ ಹೇಳಿದಾರೆ."

ಅಣ್ಣ ತಿರುಗಿ ನೋಡಿದ. ಅಕ್ಕ, ತಂಗಿ ಇಬ್ಬರೂ ಸೂರು ನೋಡುತ್ತಿದ್ದರು. ಕೋಣೆಗೆ ಕೋಣೆಯೇ ಗೊಳ್ಳೆಂದಿತು.

ಮಗಳು ಅವನ ಕೈ ಹಿಡಿದಳು. "ನನ್ನ ಪರೀಕ್ಷೆ ಯಾವಾಗ ಅಂತ ನಾನು ಯೋಚನೆ ಮಾಡಿ ಹೇಳ್ತೀನಿ. ನಿನ್ನ ತಪಾಸಣೆಗೆ ಮಾತ್ರ ನಾನೇ ಕರ್ಕೊಂಡು ಹೋಗೋದು. ತಪ್ಪಿಸ್ಕೊಂಡ್ರೆ ನೋಡು!"

ಅಣ್ಣ ನಗುತ್ತಲೇ ತಲೆಯಾಡಿಸಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ಮೌನಮ್ಮ ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.