ಮೊದಲು ಓದಬೇಕಾದದ್ದು

ಹಾಲಸ್ವಾಮಿ ಮೊದಲ ದಪ್ಪ ಪುಸ್ತಕದ ಪೀಠಿಕೆಯನ್ನು ಮತ್ತೆ ತೆರೆದು ಕೂತಿದ್ದ. ಹೊನ್ನಾಳಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದುಕೊಂಡೇ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು ಅವನು. ಬಡತನ, ಪಡಿತರ, ಆಸ್ಪತ್ರೆಗಳ ಬಗ್ಗೆ ಅರ್ಥಶಾಸ್ತ್ರಜ್ಞರೊಬ್ಬರು ಬರೆದ ಮೂರು ಪುಸ್ತಕಗಳು ಊರಿನ ವಾಚನಾಲಯಕ್ಕೆ ಬಂದಿದ್ದವು. ಯಾವುದರಿಂದ ಓದಲು ಶುರುಮಾಡಬೇಕೆಂದು ಓದುಗರ ಬಳಗಕ್ಕೆ ತಿಳಿಸುವ ಕೆಲಸ ಇವನ ಪಾಲಿಗೆ ಬಂದಿತ್ತು. ಕಾಲೇಜಿನ ಮೇಷ್ಟ್ರು ಷಣ್ಮುಖಪ್ಪನವರು, ಕೊನೆಯ ತೆಳು ಪುಸ್ತಕವನ್ನೇ ಮೊದಲು ಓದು, ಅದು ನಮ್ಮಂಥವರಿಗೆ ಬರೆದದ್ದು, ದಪ್ಪನೆಯವು ಆಮೇಲೆ ಎಂದಿದ್ದರು. ಇವನಿಗೆ ಅದು ಕಳ್ಳದಾರಿ ಅನ್ನಿಸಿತ್ತು. ಒಂದು ಪುಟ ಬಿಟ್ಟರೂ ಮಾತಾಡುವ ಯೋಗ್ಯತೆ ತನಗಿಲ್ಲವೆಂಬ ಅಳುಕು. ಬಳಗದ ಮರುಳಸಿದ್ದಪ್ಪ ಸಿಕ್ಕಾಗಲೆಲ್ಲ ಕೆಣಕುತ್ತಿದ್ದ:

“ಏನಪಾ, ಪೀಠಿಕೆ ಒಳಗೇ ಮನೆ ಕಟ್ಕಂಡು ಕುಂತೀಯೇನು?”

ಹಿತ್ತಲಲ್ಲಿ ಕೊಡ ಉರುಳಿದ ಸದ್ದಾಯಿತು. ಓಡಿ ನೋಡಿದರೆ ಬಸುರಿ ಹೆಂಡತಿ ಪ್ರೇಮಮ್ಮ ತಲೆಸುತ್ತಿ ಬಾವಿಕಟ್ಟೆಗೆ ಒರಗಿದ್ದಳು.

ಆಸ್ಪತ್ರೆಯ ನರ್ಸಮ್ಮ ಅವಳ ಕಣ್ಣರೆಪ್ಪೆ ಎಳೆದು ನೋಡಿ, ರಕ್ತ ತೀರಾ ಕಡಿಮೆಯಿದೆ, ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ ಎಂದರು. ಹೊಟ್ಟೆ ತುಂಬ ಉಣ್ಣಬೇಕು, ದಿನಕ್ಕೆ ಎಷ್ಟು ಉಣ್ಣುತ್ತೀ ಎಂದು ಕೇಳಿದರು. ಪ್ರೇಮಮ್ಮನ ಪರವಾಗಿ ತಾನೇ ಉತ್ತರಿಸಲು ಹಾಲಸ್ವಾಮಿ ಬಾಯಿ ತೆರೆದ. ಆದರೆ ಅವನಿಗೆ ಗೊತ್ತೇ ಇರಲಿಲ್ಲ. ಅವಳು ಉಣ್ಣುವ ಹೊತ್ತಿಗೆ ಅವನು ಪುಸ್ತಕದ ಮುಂದಿರುತ್ತಿದ್ದ.

ಔಷಧಿಗಾಗಿ ಕಾಯುವಾಗ ಕೈ ಸುಮ್ಮನಿರದೆ ಚೀಲದಲ್ಲಿದ್ದ ತೆಳು ಪುಸ್ತಕವನ್ನು ನಡುವಿನಿಂದ ತೆರೆದ. ಸರ್ಕಾರದ ಕಾಳು ಮನೆಯ ಬಾಗಿಲವರೆಗೆ ಬರಬಹುದು, ಒಳಗೆ ಅದು ಯಾರ ತಟ್ಟೆಗೆ ಎಷ್ಟು ಬೀಳುತ್ತದೆ, ಕೊನೆಗೆ ಉಣ್ಣುವವರು ಯಾರು ಎಂದು ಕೇಳದೆ ಹಸಿವಿನ ಲೆಕ್ಕ ಮುಗಿಯುವುದಿಲ್ಲ ಎಂದಿತ್ತು. ಆ ಪುಟ ಮಗುಚಲು ಅವನಿಂದಾಗಲಿಲ್ಲ.

ಸಂಜೆ ತಾಯಿ ಶಂಕ್ರಮ್ಮ ಎಂದಿನಂತೆ ಅವನೊಬ್ಬನಿಗೇ ರೊಟ್ಟಿ, ಅವರೆಕಾಳು ಪಲ್ಯ ಬಡಿಸಿದರು. ಸೊಸೆಗೆಂದು ಅರ್ಧ ರೊಟ್ಟಿ ಪಕ್ಕಕ್ಕಿಟ್ಟಿದ್ದನ್ನು ಅವನು ಈಗ ನೋಡಿದ. ಅವಳಿಗೂ ಹೊಟ್ಟೆ ತುಂಬ ಹಾಕು ಅಂದ.

“ಹಾಕಾಕೆ ನಂಗೇನು ಹೊಟ್ಟೆಕಿಚ್ಚಾ? ಬಸುರಿ ಜಾಸ್ತಿ ಉಂಡ್ರೆ ಕೂಸು ದಪ್ಪ ಆಗ್ತೈತೆ, ಹೆರಾಕೆ ಆಗಲ್ಲ. ನಿಮ್ಮಕ್ಕ ಬಂಗಾರಿ ಹೆಂಗೆ ಹೋದಳು, ಮರೆತೆಯೇನು?”

ನ್ಯಾಮತಿಗೆ ಮದುವೆ ಮಾಡಿ ಕೊಟ್ಟಿದ್ದ ಅಕ್ಕ ಬಂಗಾರಮ್ಮ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅರ್ಧ ರೊಟ್ಟಿಯ ಹಿಂದೆ ಇದ್ದದ್ದು ಜಿಪುಣತನವಲ್ಲ, ಭಯ. ಅಕ್ಕನಂಥ ಸಾವಿನ ಬಗ್ಗೆ ಅವನು ಓದಿದ ಪುಟದಲ್ಲಿ ಏನೂ ಇರಲಿಲ್ಲ. ಅವ್ವ ಹೇಳುವುದೇ ನಿಜವಾಗಿದ್ದರೆ?

“ನಂಗೂ ಪೂರಾ ಗೊತ್ತಿಲ್ಲವ್ವ,” ಅಂದ. “ನಾಳೆ ನೀನೇ ಬಂದು ನರ್ಸಮ್ಮನ್ನ ಕೇಳು. ಅಕ್ಕನ ವಿಷಯಾನೂ ಹೇಳು. ಆದ್ರೆ ಇವತ್ತು ಇವಳು ಉಂಡ ಮೇಲೇ ನಾನು ಉಣ್ಣೋದು.”

ಓದಿ ಓದಿ ತಲೆ ಕೆಟ್ಟಿದೆ ಎಂದು ಶಂಕ್ರಮ್ಮ ಗೊಣಗಿದರು. ಆಗ ಬಾಗಿಲ ಮರೆಯಿಂದ ಪ್ರೇಮಮ್ಮನ ದನಿ ಬಂತು.

“ದಿನಾ ಹಸಿವಾಗ್ತೈತೆ, ಅತ್ತೆ.”

ಶಂಕ್ರಮ್ಮ ಮಗನ ಮುಂದಿದ್ದ ತಟ್ಟೆಯನ್ನು ಎಳೆದು, ಇನ್ನೊಂದು ರೊಟ್ಟಿ ಹಾಕಿ ಸೊಸೆಯ ಕೈಗಿಟ್ಟರು.

“ನಿಧಾನಕ್ಕೆ ತಿನ್ನವ್ವ,” ಎಂದು ಅವಳ ಎದುರಿಗೇ ಕೂತರು.

ಹಾಲಸ್ವಾಮಿ ನೀರು ಕೊಡಲೆಂದು ಎದ್ದ. ಸ್ವಂತ ಮನೆಯಲ್ಲಿ ಲೋಟಗಳನ್ನು ಎಲ್ಲಿಡುತ್ತಾರೆಂದು ಅವನು ಹುಡುಕಬೇಕಾಯಿತು.